ಜೋಳದ ಪಾಳಿಗೆ ಅವಧಿಯುಂಟೆ?

(ಸೈನ್ಯವೃತ್ತಿಯ ನಿರ್ಧಾರವನ್ನು ಕುರಿತ ಮೂರು ಗ್ರಂಥಗಳು)

ಮಗನೊಬ್ಬ ಸೈನ್ಯಕ್ಕೆ ಸೇರುತ್ತೇನೆಂದರೆ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಎರಡು ಬಗೆಯ ಮಾತು ಹುಟ್ಟುತ್ತದೆ. ತಾಯಿ ಜೀವದ ಮಾತನ್ನಾಡುತ್ತಾಳೆ. ತಂದೆ ಜೀವನದ ಮಾತನ್ನಾಡುತ್ತಾನೆ. ಸಂಬಳವೆಷ್ಟು, ಬಡ್ತಿ ಯಾವಾಗ, ಪಿಂಚಣಿ ದೊರೆಯಲು ಎಷ್ಟು ವರ್ಷ ದುಡಿಯಬೇಕು, ಹೊರಬಂದ ಮೇಲೆ ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ಒಂದು ಕೆಲಸ ಸಿಕ್ಕೀತೆ ಎಂದು ಲೆಕ್ಕ ಹಾಕುತ್ತಾನೆ. ಎರಡೂ ನ್ಯಾಯವಾದ ಮಾತುಗಳೇ. ಯಾವುದನ್ನೂ ಹಗುರಾಗಿ ಕಾಣುವಂತಿಲ್ಲ. ಆದರೆ ಇವೆರಡರ ನಡುವೆ ಮೂರನೆಯ ಪ್ರಶ್ನೆಯೊಂದು ಅಡಗಿದೆ. ಸೇರುವ ದಿನ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಐದಾರು ವರ್ಷ ಸಮವಸ್ತ್ರ ತೊಟ್ಟು, ಕವಾಯತು ಮೈದಾನದ ಧೂಳು ಕುಡಿದು, ಮೇಲಿನವರ ಮಾತಿಗೆ ಎದುರಾಡದೆ ನಡೆಯುವುದು ಮೈಗೂಡಿದ ಮೇಲೆ, ಒಂದು ರಾತ್ರಿ ಬ್ಯಾರಕ್ಕಿನ ಮಂಚದ ಬಳಿ ಅದು ಬಂದು ನಿಲ್ಲುತ್ತದೆ: ಇದೇ ನನ್ನ ಬಾಳೆ? ಇಲ್ಲಿಯೇ ಉಳಿಯಲೆ, ಬಿಟ್ಟು ಹೋಗಲೆ?

ಯುದ್ಧವನ್ನು ಕುರಿತ ಸಾಹಿತ್ಯ ಎಲ್ಲ ಭಾಷೆಗಳಲ್ಲಿಯೂ ರಾಶಿಯಾಗಿ ಬಿದ್ದಿದೆ. ಈ ಪ್ರಶ್ನೆಯನ್ನು ಕುರಿತ ಸಾಹಿತ್ಯ ಮಾತ್ರ ತೀರ ವಿರಳ. ಇದಕ್ಕೆ ಕಾರಣ ಕಾಣುವುದು ಕಷ್ಟವಲ್ಲ. ಕದನ ಕಥೆಗೆ ಒದಗುವ ವಸ್ತು, ಕಾಯುವುದು ಒದಗುವುದಿಲ್ಲ. ಸೈನಿಕನ ಬಾಳಿನಲ್ಲಿ ಕದನದ ದಿನಗಳು ಕೆಲವು, ಕಾಯುವ ದಿನಗಳು ಸಾವಿರಾರು. ಕದನದಲ್ಲಿ ನಿಲ್ಲಬೇಕೆ ಓಡಬೇಕೆ ಎಂಬುದು ಧೈರ್ಯದ ಪ್ರಶ್ನೆ. ಶಾಂತಿಯ ದಿನಗಳಲ್ಲಿ ಉಳಿಯಬೇಕೆ ಹೋಗಬೇಕೆ ಎಂಬುದು ಅಂತಃಸಾಕ್ಷಿಯ ಪ್ರಶ್ನೆ. ಸೇನಾನಿಗಳ ಆತ್ಮಕಥೆಗಳನ್ನು ಓದಿದವರಿಗೆ ಗೊತ್ತಿದೆ: ಬಾಲ್ಯ ಒಂದು ಅಧ್ಯಾಯ, ಸೈನಿಕ ಶಾಲೆ ಇನ್ನೊಂದು, ಆಮೇಲೆ ಯುದ್ಧದ ಮೇಲೆ ಯುದ್ಧ, ಕೊನೆಗೆ ಪದಕಗಳ ಪಟ್ಟಿ. ಬರೆದವನು ಎಂದಾದರೂ ರಾಜೀನಾಮೆಯ ಕಾಗದವನ್ನು ಮುಂದಿಟ್ಟುಕೊಂಡು ಕುಳಿತಿದ್ದನೆ ಎಂಬುದು ತಿಳಿಯುವುದೇ ಇಲ್ಲ. ಅಂಥ ಗ್ರಂಥ ಎಷ್ಟು ದಪ್ಪವಾಗಿದ್ದರೂ ಒಳಗೆ ಪೊಳ್ಳು.

2022ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರ ಅಗ್ನಿಪಥ ಯೋಜನೆಯನ್ನು ಪ್ರಕಟಿಸಿದ ಮೇಲೆ ಈ ಪ್ರಶ್ನೆ ನಮ್ಮಲ್ಲಿ ಮನೆಮನೆಯ ಮಾತಾಯಿತು. ಸೈನಿಕನು ನಾಲ್ಕು ವರ್ಷ ದುಡಿಯಬೇಕು. ಆ ಬಳಿಕ ಪ್ರತಿಯೊಂದು ತಂಡದಲ್ಲಿ ಹೆಚ್ಚೆಂದರೆ ನೂರಕ್ಕೆ 25 ಮಂದಿಯನ್ನು ಕಾಯಂ ಸೇವೆಗೆ ತೆಗೆದುಕೊಳ್ಳಲಾಗುವುದು ಎಂಬುದು ಆಗ ಪ್ರಕಟವಾದ ನಿಯಮ. ಅದರ ಹಣಕಾಸಿನ ವಿಚಾರವನ್ನೂ ರಕ್ಷಣೆಯ ವಿಚಾರವನ್ನೂ ಬಲ್ಲವರು ಚರ್ಚಿಸಿದ್ದಾರೆ. ನಮ್ಮ ಕೆಲಸ ಅದಲ್ಲ. ಸಾಹಿತ್ಯ ಈ ವಿಷಯದಲ್ಲಿ ಏನು ಹೇಳಿದೆ, ಎಷ್ಟು ಪ್ರಾಮಾಣಿಕವಾಗಿ ಹೇಳಿದೆ ಎಂದು ನೋಡುವುದಷ್ಟೇ ಇಲ್ಲಿಯ ಉದ್ದೇಶ. ಅದಕ್ಕಾಗಿ ಮೂರು ಗ್ರಂಥಗಳನ್ನು ಆರಿಸಿಕೊಂಡಿದ್ದೇವೆ: ಒಂದು ಫ್ರಾನ್ಸಿನದು, ಒಂದು ಅವಧ್ ಸೀಮೆಯದು, ಒಂದು ನಮ್ಮ ಕೊಡಗಿನ ವೀರರೊಬ್ಬರನ್ನು ಕುರಿತದ್ದು. ಆದರೆ ಅವುಗಳನ್ನು ಅಳೆಯುವ ಕೋಲನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಅದು ನಮ್ಮ ಹಳಗನ್ನಡದಲ್ಲಿಯೇ ಇದೆ.

*

ಒಡೆಯನ ಅನ್ನ ಉಂಡವನು ಒಡೆಯನಿಗಾಗಿ ಪ್ರಾಣ ಕೊಡಬೇಕೆಂಬ ಕಟ್ಟಳೆಗೆ ನಮ್ಮ ಹಿರಿಯರು ‘ಜೋಳದ ಪಾಳಿ’ ಎಂದು ಹೆಸರಿಟ್ಟರು. ಶಾಸನಗಳಲ್ಲಿ ಜೋಳವಾಳಿ, ವೇಳೆವಾಳಿ, ಲೆಂಕವಾಳಿ ಎಂಬ ಮಾತುಗಳು ಬರುತ್ತವೆ. ಒಡೆಯನು ತೀರಿಕೊಂಡರೆ ತಾನೂ ಬದುಕಿರುವುದಿಲ್ಲವೆಂದು ಪ್ರತಿಜ್ಞೆ ಮಾಡಿದವನು ವೇಳೆವಾಳಿಯವನು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯಿರುವ ಕಂಬ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನು ಆ ಪ್ರತಿಜ್ಞೆಯನ್ನು ನಡೆಸಿದ ಕಥೆಯನ್ನು ಹೇಳುತ್ತದೆ. ಅಲ್ಲಿ ಸೇವೆಗೆ ಅವಧಿ ಎಂಬುದೇ ಇಲ್ಲ, ಸಾವೇ ಅವಧಿ. ಇಂದು ನಾವು ಪಾಳಿ ಎಂದರೆ ಕಾರ್ಖಾನೆಯ ಸರದಿ ಎಂದುಕೊಳ್ಳುತ್ತೇವೆ. ಸೈರನ್ ಕೂಗಿದರೆ ಅದು ಮುಗಿಯುತ್ತದೆ. ಒಂದೇ ಮಾತಿನ ಈ ಎರಡು ಅರ್ಥಗಳ ನಡುವಿನ ದೂರವೇ ನಾವು ಚರ್ಚಿಸಬೇಕಾದ ವಿಷಯ.

ನಮ್ಮ ವೀರಗಲ್ಲುಗಳನ್ನು ನೋಡಿ. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ; ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು; ಮೇಲೆ ದೇವರ ಸನ್ನಿಧಿ. ಆ ವೀರನು ಹಿಂದಿನ ಹತ್ತು ವರ್ಷ ಹೇಗೆ ಬಾಳಿದ, ಬಿಟ್ಟುಹೋಗಬೇಕೆಂದು ಎಂದಾದರೂ ಅನ್ನಿಸಿತ್ತೆ ಎಂಬುದಕ್ಕೆ ಕಲ್ಲಿನಲ್ಲಿ ಜಾಗವಿಲ್ಲ. ಆ ಜಾಗವನ್ನು ಮೊದಲು ಕೊಟ್ಟವನು ಕವಿ.

ಪಂಪನು ಸ್ವತಃ ಕತ್ತಿ ಹಿಡಿದವನು. ಕವಿಯೂ ಹೌದು, ಕಲಿಯೂ ಹೌದು. ಸುಮಾರು 941ರಲ್ಲಿ ಬರೆದ ‘ವಿಕ್ರಮಾರ್ಜುನ ವಿಜಯ’ದಲ್ಲಿ ತನಗೆ ಅನ್ನವಿತ್ತ ಅರಿಕೇಸರಿಯನ್ನು ಅರ್ಜುನನಲ್ಲಿ ಇಟ್ಟು ಹಾಡಿದ. ಆದರೆ ಅವನ ಹೃದಯ ಒಲಿದದ್ದು ಎದುರುಪಕ್ಷದ ಕರ್ಣನಿಗೆ ಎಂಬುದನ್ನು ಕನ್ನಡದ ವಿಮರ್ಶಕರು ಮತ್ತೆ ಮತ್ತೆ ಹೇಳಿದ್ದಾರೆ. ಇದರ ಗುಟ್ಟೇನು? ಕರ್ಣನೊಬ್ಬನಿಗೇ ಬಿಟ್ಟುಹೋಗುವ ದಾರಿ ನಿಜವಾಗಿಯೂ ತೆರೆದಿತ್ತು. ಕೃಷ್ಣನು ಜನ್ಮದ ಗುಟ್ಟನ್ನು ಬಿಚ್ಚಿದ, ರಾಜ್ಯವೇ ನಿನ್ನದಾಗುತ್ತದೆಂದ. ಆಮೇಲೆ ಹೆತ್ತ ತಾಯಿಯೇ ಬಂದಳು. ಭೀಷ್ಮದ್ರೋಣರಿಗೆ ಇಂಥ ಆಹ್ವಾನ ಬರಲಿಲ್ಲ. ದುಶ್ಶಾಸನನಿಗೆ ಪ್ರಶ್ನೆಯೇ ಇರಲಿಲ್ಲ. ಹೋಗಬಹುದಾಗಿದ್ದೂ ಹೋಗದವನು ಕರ್ಣ. ಅದರಿಂದಲೇ ಅವನ ನಿಷ್ಠೆಗೆ ತೂಕ ಬಂತು.

ಇದೇ ನಮ್ಮ ಅಳತೆಗೋಲು. ಬಿಟ್ಟುಹೋಗುವ ಬಾಗಿಲನ್ನು ಒಮ್ಮೆಯಾದರೂ ದಿಟ್ಟಿಸಿ ನೋಡಿದವನು ಉಳಿದಾಗ ಮಾತ್ರ ಉಳಿಯುವುದು ನಿರ್ಧಾರವಾಗುತ್ತದೆ; ಇಲ್ಲದಿದ್ದರೆ ಅದು ಬರಿಯ ಅಭ್ಯಾಸ. ಸೈನಿಕ ಜೀವನದ ಗ್ರಂಥಕ್ಕೂ ಈ ಮಾತು ಸಲ್ಲುತ್ತದೆ.

*

ಮೊದಲನೆಯ ಗ್ರಂಥ ಫ್ರೆಂಚ್ ಕವಿ ಆಲ್ಫ್ರೆ ದ ವಿನ್ಯಿ 1835ರಲ್ಲಿ ಪ್ರಕಟಿಸಿದ್ದು. ಅದರ ಹೆಸರನ್ನು ‘ಸೈನಿಕನ ದಾಸ್ಯ ಮತ್ತು ಹಿರಿಮೆ’ ಎಂದು ಕನ್ನಡಿಸಬಹುದು. ವಿನ್ಯಿ 1797ರಲ್ಲಿ ಹಳೆಯ ಸೈನಿಕ ಮನೆತನವೊಂದರಲ್ಲಿ ಹುಟ್ಟಿದ. ಅವನ ಬಾಲ್ಯ ಕಳೆದದ್ದು ನೆಪೋಲಿಯನ್ನನ ವಿಜಯಘೋಷಗಳ ನಡುವೆ. ಆ ಕಾಲದ ಎಲ್ಲ ಹುಡುಗರಂತೆ ಅವನೂ ಯುದ್ಧದ ಕನಸು ಕಂಡ. ಆದರೆ 1814ರಲ್ಲಿ, 17ರ ವಯಸ್ಸಿನಲ್ಲಿ, ಅವನು ಸಮವಸ್ತ್ರ ತೊಡುವ ಹೊತ್ತಿಗೆ ನೆಪೋಲಿಯನ್ ಸಿಂಹಾಸನ ಕಳೆದುಕೊಂಡಿದ್ದ. ಮರುವರ್ಷ ನೆಪೋಲಿಯನ್ ಮರಳಿ ಬಂದಾಗ ವಿನ್ಯಿಯ ಪಾಲಿಗೆ ಬಂದ ಕೆಲಸವೆಂದರೆ ಓಡಿಹೋಗುತ್ತಿದ್ದ ರಾಜನಿಗೆ ಬೆಂಗಾವಲಾಗುವುದು. 1823ರಲ್ಲಿ ಫ್ರೆಂಚ್ ಸೈನ್ಯ ಸ್ಪೇನಿಗೆ ನುಗ್ಗಿದಾಗ ಅವನ ದಳ ಗಡಿಯ ಪಿರೆನೀಸ್ ಬೆಟ್ಟಗಳ ಈಚೆಗೇ ಉಳಿಯಿತು. 1827ರಲ್ಲಿ ಅವನು ಸೈನ್ಯವನ್ನು ಬಿಟ್ಟ. ಆಗ ಅವನಿಗೆ 30 ವರ್ಷ; ಹುದ್ದೆ ಕ್ಯಾಪ್ಟನ್; ಕಂಡ ಕದನ ಒಂದೂ ಇಲ್ಲ.

ಕದನ ಕಾಣದ ಸೈನಿಕನೊಬ್ಬ ಸೈನಿಕ ಜೀವನವನ್ನು ಕುರಿತು ಏನು ಬರೆದಾನು ಎಂದು ವಾಚಕರು ಕೇಳಬಹುದು. ಅದೇ ಈ ಗ್ರಂಥದ ಬಲ. ಯುದ್ಧದ ಮತ್ತು ಕಳಚಿಹೋದಾಗ ಸೈನ್ಯವೃತ್ತಿಯಲ್ಲಿ ಏನು ಉಳಿಯುತ್ತದೆ ಎಂಬುದನ್ನು ಅವನು ನೋಡಿದ. ಉಳಿಯುವುದು ವಿಧೇಯತೆ. ದೇಶದ ಜನರಿಂದ ಬೇರೆಯಾಗಿ, ಬೇರೆ ಬಟ್ಟೆ ತೊಟ್ಟು, ಬೇರೆ ಕಟ್ಟಡದಲ್ಲಿ ಬಾಳುವ ಸೈನಿಕನು ಒಂದೇ ಮೈಯಲ್ಲಿ ಕೊಲ್ಲುವವನೂ ಹೌದು, ಬಲಿಯೂ ಹೌದು ಎಂಬುದು ವಿನ್ಯಿಯ ಸಿದ್ಧಾಂತ. ಸಿದ್ಧಾಂತವನ್ನು ಅವನು ಮೂರು ಕಥೆಗಳಿಂದ ಮನಗಾಣಿಸುತ್ತಾನೆ.

ಮೊದಲ ಕಥೆ ಲೊರೆತ್ ಎಂಬ ಹೆಣ್ಣಿನದು. ಮಳೆ ಸುರಿಯುವ ದಾರಿಯಲ್ಲಿ ಮುದಿ ಅಧಿಕಾರಿಯೊಬ್ಬ ಹೇಸರಗತ್ತೆ ಕಟ್ಟಿದ ಗಾಡಿಯೊಂದನ್ನು ನಡೆಸಿಕೊಂಡು ಹೋಗುತ್ತಿದ್ದಾನೆ. ಒಳಗೆ ಬುದ್ಧಿ ಕೆಟ್ಟ ಹೆಣ್ಣು. ಮೊದಲು ಅವನು ಹಡಗಿನ ನಾಯಕ. ಸರ್ಕಾರದ ಆಜ್ಞೆಯಂತೆ ಗಡೀಪಾರಾದ ತರುಣನೊಬ್ಬನನ್ನೂ ಅವನ ಎಳೆಯ ಹೆಂಡತಿಯನ್ನೂ ಕೆಯೆನ್ನಿಗೆ ಕರೆದೊಯ್ಯುತ್ತಿದ್ದ. ಜೊತೆಗೆ ಕೆಂಪು ಅರಗಿನ ಮುದ್ರೆ ಒತ್ತಿದ ಪತ್ರವೊಂದನ್ನು ಕೊಟ್ಟಿದ್ದರು. ನಡುಗಡಲಲ್ಲಿ ಗೊತ್ತಾದ ಸ್ಥಳದಲ್ಲಿ ಮಾತ್ರ ಒಡೆಯಬೇಕು. ದಿನ ಕಳೆದಂತೆ ಆ ಗಂಡಹೆಂಡಿರು ಅವನಿಗೆ ಮಕ್ಕಳಂತಾದರು. ಪತ್ರ ಒಡೆದಾಗ ಕಂಡದ್ದು ತರುಣನನ್ನು ಗುಂಡಿಕ್ಕಿ ಕೊಲ್ಲಬೇಕೆಂಬ ಆಜ್ಞೆ. ಅವನು ಆಜ್ಞೆಯನ್ನು ನಡೆಸಿದ. ಹೆಂಡತಿಗೆ ಹುಚ್ಚು ಹಿಡಿಯಿತು. ಕಡಲನ್ನು ಬಿಟ್ಟ ಅವನು ನೆಲದ ಸೈನ್ಯಕ್ಕೆ ಸೇರಿದ. ಆದರೆ ವಿಧೇಯತೆಯನ್ನು ಬಿಡಲಿಲ್ಲ, ಆ ಹೆಣ್ಣನ್ನೂ ಬಿಡಲಿಲ್ಲ. ಹೋದ ದಂಡಯಾತ್ರೆಗಳಿಗೆಲ್ಲ ಅವಳನ್ನು ಗಾಡಿಯಲ್ಲಿ ಕರೆದೊಯ್ದ. ಒಂದು ಆಜ್ಞೆಯನ್ನು ಪಾಲಿಸಿದ್ದಕ್ಕೆ ಇಡೀ ಬಾಳು ತೆತ್ತ ತೆರಿಗೆ ಇದು. ಆಜ್ಞೆ ಕೊಟ್ಟವರು ಒಂದು ಕಾಸನ್ನೂ ತೆರಲಿಲ್ಲ.

ಮೂರನೆಯ ಕಥೆಯ ನಾಯಕ ಕ್ಯಾಪ್ಟನ್ ರೆನೋ. ಹುಡುಗತನದಲ್ಲಿ ನೆಪೋಲಿಯನ್ನನನ್ನು ದೇವರೆಂದು ನಂಬಿದ್ದವನು, ಮರೆಯಲ್ಲಿ ನಿಂತು ಅವನು ಪೋಪರೊಡನೆ ನಾಟಕವಾಡುವುದನ್ನು ಕೇಳಿ ಭ್ರಮೆ ಕಳೆದುಕೊಳ್ಳುತ್ತಾನೆ. ಆಮೇಲೆ ಇಂಗ್ಲಿಷರ ಕೈಸೆರೆಯಾಗಿ ನೌಕಾಧಿಪತಿ ಕಾಲಿಂಗ್‌ವುಡ್ಡನ ಹಡಗಿನಲ್ಲಿ ಕಾಲ ಕಳೆಯುತ್ತಾನೆ. ಈ ಕಾಲಿಂಗ್‌ವುಡ್ ಚರಿತ್ರೆಯ ವ್ಯಕ್ತಿ. 1805ರ ಟ್ರಫಾಲ್ಗರ್ ಕದನದ ಬಳಿಕ ಅವನನ್ನು ಮೆಡಿಟರೇನಿಯನ್ ಸಮುದ್ರದಿಂದ ಬಿಡುಗಡೆ ಮಾಡಲಿಲ್ಲ. ಆರೋಗ್ಯ ಕೆಟ್ಟಿತೆಂದು ಬೇಡಿಕೊಂಡರೂ ಸರ್ಕಾರ ಉಳಿಯಲು ಹೇಳಿತು, ಉಳಿದ. 1810ರಲ್ಲಿ ಕಡಲ ಮೇಲೆಯೇ ಸತ್ತ. ಹೆಣ್ಣುಮಕ್ಕಳು ತಂದೆಯಿಲ್ಲದೆ ಬೆಳೆದು ದೊಡ್ಡವರಾದರು. ಒಬ್ಬ ಮಹಾಪುರುಷನಿಗೆ ಅಂಟಿಕೊಂಡ ನಿಷ್ಠೆ ಒಂದು ಕಡೆ, ಹೆಸರಿಲ್ಲದ ಕರ್ತವ್ಯಕ್ಕೆ ಸಂದ ನಿಷ್ಠೆ ಇನ್ನೊಂದು ಕಡೆ. ಎರಡನ್ನೂ ಎದುರೆದುರು ನಿಲ್ಲಿಸಿದ್ದು ವಿನ್ಯಿಯ ದೊಡ್ಡ ಸಾಧನೆ. ವೃತ್ತಿಯಲ್ಲಿ ಉಳಿಯಬೇಕಾದರೆ ವ್ಯಕ್ತಿಗಾಗಿ ಉಳಿಯಬೇಡ ಎಂಬುದು ಈ ಕಥೆಯ ತಿರುಳು.

ದೋಷಗಳೂ ಉಂಟು. ಮದ್ದಿನ ಮನೆಯ ಹೊಣೆ ಹೊತ್ತ ಮುದಿ ಸೈನಿಕನ ಎರಡನೆಯ ಕಥೆಯಲ್ಲಿ ಅರಮನೆಯ ಸಲ್ಲಾಪದ ಭಾಗ ಕಾಗದದ ಹೂವಿನಂತಿದೆ. ನೆಪೋಲಿಯನ್–ಪೋಪರ ಸಂವಾದ ಓದಲು ರೋಮಾಂಚಕಾರಿ, ಆದರೆ ರಂಗಸ್ಥಳದ ದೀಪದ ಬೆಳಕು ಅಲ್ಲಿ ಹೆಚ್ಚು. ಕೊನೆಗೆ ‘ಮರ್ಯಾದೆ’ಯೊಂದನ್ನೇ ಧರ್ಮದ ಪೀಠದಲ್ಲಿ ಕೂರಿಸುವಾಗ ಕವಿ ತರ್ಕವನ್ನು ಬಿಟ್ಟು ಸ್ತೋತ್ರಕ್ಕೆ ಇಳಿಯುತ್ತಾನೆ. ಹಾಗಿದ್ದರೂ ಒಂದು ಗುಣವನ್ನು ಮರೆಯಬಾರದು. ಬಿಟ್ಟುಬಂದವನು ತಾನು ಬಿಟ್ಟುಬಂದುದನ್ನು ಹಳಿಯುವುದು ಲೋಕದ ರೂಢಿ. ವಿನ್ಯಿ ಹಳಿಯಲಿಲ್ಲ. ದಾಸ್ಯವನ್ನು ದಾಸ್ಯವೆಂದ, ಅದೇ ಉಸಿರಿನಲ್ಲಿ ಹಿರಿಮೆಯನ್ನು ಹಿರಿಮೆಯೆಂದ. ಹಿರಿಮೆಯನ್ನು ಕಂಡೂ ಬಿಟ್ಟವನ ಮಾತಿಗೆ ಬೆಲೆಯುಂಟು.

*

ಎರಡನೆಯ ಗ್ರಂಥ ನಮ್ಮ ದೇಶದ್ದೇ. ‘ಸಿಪಾಯಿಯಿಂದ ಸುಬೇದಾರ’ ಎಂಬ ಅರ್ಥದ ಹೆಸರಿನಲ್ಲಿ 1873ರಲ್ಲಿ ಇಂಗ್ಲಿಷಿನಲ್ಲಿ ಹೊರಬಂತು. ಅವಧ್ ಸೀಮೆಯ ಸೀತಾರಾಮನೆಂಬ ಬ್ರಾಹ್ಮಣ ಸಿಪಾಯಿಯ ಆತ್ಮಕಥೆಯೆಂದೂ, ನಾರ್ಗೇಟ್ ಎಂಬ ಸೇನಾಧಿಕಾರಿ ಅದನ್ನು ಭಾಷಾಂತರಿಸಿದನೆಂದೂ ಅದರಲ್ಲಿ ಹೇಳಿದೆ. ಇದು ಎಷ್ಟು ಮಟ್ಟಿಗೆ ಸಿಪಾಯಿಯ ಮಾತು, ಎಷ್ಟು ಮಟ್ಟಿಗೆ ಸಾಹೇಬನ ಕೈವಾಡ ಎಂದು ಇತಿಹಾಸಕಾರರು ಬಹುಕಾಲದಿಂದ ವಾದಿಸುತ್ತಿದ್ದಾರೆ. ಆ ಸಂಶಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಓದಬೇಕು. ಆದರೂ ಓದದೆ ಬಿಡುವಂಥ ಪುಸ್ತಕವಲ್ಲ.

ಸೀತಾರಾಮನು ಕಂಪನಿಯ ಬಂಗಾಳ ಸೈನ್ಯಕ್ಕೆ ಸೇರಿದ್ದು 1812ರಲ್ಲಿ. ಪಿಂಚಣಿ ಪಡೆದು ಹೊರಬಂದದ್ದು 1860ರಲ್ಲಿ. 48 ವರ್ಷ! ಜಮಾದಾರನಾಗಿದ್ದ ಸೋದರಮಾವ ರಜೆಯಲ್ಲಿ ಊರಿಗೆ ಬಂದಾಗ ಅವನ ಠೀವಿಯನ್ನೂ ಕೊರಳ ಸರವನ್ನೂ ಕಂಡು ಮನಸೋತ ಹುಡುಗ, ತಾಯಿ ಬೇಡವೆಂದರೂ ಹೊರಟ. ಇಂದಿಗೂ ಎಷ್ಟು ಹಳ್ಳಿಗಳಲ್ಲಿ ಸೈನ್ಯದ ಭರ್ತಿ ಆರಂಭವಾಗುವುದು ಹೀಗೆಯೇ! ನೇಪಾಳ, ಪಿಂಡಾರಿಗಳ ದಂಡಯಾತ್ರೆ, ಭರತಪುರ, ಅಫಘಾನಿಸ್ತಾನ, ಸಿಖ್ಖರ ಯುದ್ಧಗಳು — ಕಂಪನಿ ಹೋದಲ್ಲೆಲ್ಲ ಅವನೂ ಹೋದ. ಅಫಘಾನಿಸ್ತಾನದಲ್ಲಿ ಸೆರೆಸಿಕ್ಕಿ ಗುಲಾಮನಾಗಿ ಮಾರಾಟವಾದ. ತಪ್ಪಿಸಿಕೊಂಡು ಊರಿಗೆ ಬಂದರೆ ಜಾತಿ ಕೆಟ್ಟಿತೆಂದು ಜನ ಪ್ರಾಯಶ್ಚಿತ್ತ ಕೇಳಿದರು. ಹೊರಗಿನ ಯಜಮಾನನಿಗೆ ದುಡಿದದ್ದಕ್ಕೆ ಒಳಗಿನ ಸಮಾಜಕ್ಕೆ ದಂಡ ತೆತ್ತ. ಬಡ್ತಿಯಾದರೋ ಹಿರಿತನದ ಸಾಲಿನಲ್ಲಿ ತೆವಳುತ್ತ ಬಂತು. ಸುಬೇದಾರಿಕೆ ಕೈಗೆ ಬರುವಾಗ ಕೆಲಸ ಮಾಡುವ ಶಕ್ತಿ ಉಡುಗಿತ್ತು ಎಂದು ಅವನೇ ಕೊರಗುತ್ತಾನೆ.

ಇಷ್ಟೆಲ್ಲ ನಡೆದರೂ ಉಳಿಯಲೆ, ಹೋಗಲೆ ಎಂಬ ಪ್ರಶ್ನೆ ಇವನ ಕಥೆಯಲ್ಲಿ ಒಂದು ಹೊರಳಾಗಿ ಎಲ್ಲಿಯೂ ನಿಲ್ಲುವುದಿಲ್ಲ. ಉಪ್ಪು ತಿಂದಾಗಿದೆ, ಮಾತು ಮುಗಿಯಿತು. ನಮ್ಮ ಜೋಳದ ಪಾಳಿಯೇ ಅಲ್ಲಿ ಉಪ್ಪಿನ ಋಣ. 1857 ಬಂತು. ಸಿಪಾಯಿಗಳು ಎದ್ದರು, ಸೀತಾರಾಮ ಏಳಲಿಲ್ಲ. ಲಖನೌದ ಹೋರಾಟದ ದಿನಗಳಲ್ಲಿ ಹಿಡಿದುತಂದ ದಂಗೆಕೋರರನ್ನು ಗುಂಡಿಕ್ಕುವ ತುಕಡಿಯ ಹೊಣೆ ಅವನಿಗೆ ಬಂತು. ಹೆಸರು ವಿಚಾರಿಸುವಾಗ ಸೆರೆಯಾಳುಗಳಲ್ಲಿ ಒಬ್ಬ ತನ್ನ ಸ್ವಂತ ಮಗನೆಂದು ತಿಳಿಯಿತು. ಅವನು ಆ ಕೆಲಸದಿಂದ ಬಿಡುಗಡೆ ಬೇಡಿದ, ಅಧಿಕಾರಿ ಒಪ್ಪಿದ. ಮಗನ ಪ್ರಾಣ ಉಳಿಯಲಿಲ್ಲ. ಉತ್ತರಕ್ರಿಯೆ ನಡೆಸುವುದಕ್ಕೆ ಮಾತ್ರ ತಂದೆಗೆ ಅಪ್ಪಣೆ ಸಿಕ್ಕಿತು.

ವಿನ್ಯಿ ಕಲ್ಪಿಸಿದ ಕೆಂಪು ಮುದ್ರೆಯ ಕಥೆ ಇಲ್ಲಿ ತಂದೆಮಗನ ನಡುವೆ ನಡೆದಿದೆ. ವ್ಯತ್ಯಾಸ ಇಷ್ಟು: ಫ್ರೆಂಚ್ ಕವಿ ಅದನ್ನು ಕಂಡು ಬೆಚ್ಚಿದ, ಈ ಗ್ರಂಥ ಬೆಚ್ಚುವುದಿಲ್ಲ. ದುಃಖವಿದೆ, ಪ್ರಶ್ನೆಯಿಲ್ಲ. ನಿಷ್ಠೆಯ ಕಥೆಯೆಂದು ಸಾಹೇಬರು ಇದನ್ನು ಮೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. ಹಿಂದೂಸ್ತಾನಿ ಕಲಿಯುವ ಸೇನಾಧಿಕಾರಿಗಳಿಗೆ ಇದನ್ನು ಪಠ್ಯವಾಗಿಯೂ ಇಟ್ಟಿದ್ದರು. ನಮಗೆ ಮಾತ್ರ ಇದು ಬೇರೆಯ ಪಾಠವನ್ನು ಹೇಳುತ್ತದೆ. ಇಂದು ಕೇಳಿಕೊಳ್ಳದ ಪ್ರಶ್ನೆ ಸತ್ತುಹೋಗುವುದಿಲ್ಲ. ಅದು ಬಡ್ಡಿ ಬೆಳೆಸಿಕೊಂಡು ಕಾಯುತ್ತಿರುತ್ತದೆ. ಸೀತಾರಾಮನ ವಿಷಯದಲ್ಲಿ ಅದು 45 ವರ್ಷ ಕಾಯಿತು. ತಾನು ಯಾರ ಜೋಳ ಉಣ್ಣುತ್ತಿದ್ದೇನೆ, ಅದು ಯಾರ ಹೊಲದ ಜೋಳ ಎಂದು ತಂದೆ ಕೇಳಿಕೊಳ್ಳಲಿಲ್ಲ, ಮಗ ಕೇಳಿದ.

*

ಮೂರನೆಯದು ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಜೀವನಚರಿತ್ರೆ. ಹಂಫ್ರಿ ಇವಾನ್ಸ್ ಎಂಬವರು ಬರೆದು 1960ರಲ್ಲಿ ಪ್ರಕಟಿಸಿದ್ದು. ತಿಮ್ಮಯ್ಯನವರು 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿನಲ್ಲಿ ಕಲಿತು, 1926ರಲ್ಲಿ ಅಧಿಕಾರಿಯಾದವರು. ಕೊಡಗಿನವರಿಗೆ ಸೈನ್ಯವೆಂದರೆ ಹೊಸದೇನಲ್ಲ. ಆದರೆ ಬಿಳಿಯರ ನಡುವೆ ಬೆರಳೆಣಿಕೆಯ ಭಾರತೀಯ ಅಧಿಕಾರಿಗಳು ಬಾಳಬೇಕಾದ ಬಾಳು ಹೊಸದು. ಆಜ್ಞೆ ಕೊಡುವ ಅಧಿಕಾರವುಂಟು, ಅನೇಕ ಕ್ಲಬ್ಬುಗಳಿಗೆ ಪ್ರವೇಶವಿಲ್ಲ. ಹೊರಗೆ ದೇಶದ ಜನ ಉಪ್ಪು ಕಾಯಿಸಿ ಸೆರೆಮನೆಗೆ ಹೋಗುತ್ತಿದ್ದಾರೆ. ಒಳಗೆ ತಾವು ಆ ಸೆರೆಮನೆಯ ಯಜಮಾನರ ಉಪ್ಪು ತಿನ್ನುತ್ತಿದ್ದಾರೆ.

ಈ ಗ್ರಂಥದ ಅತ್ಯುತ್ತಮ ಭಾಗ ಅಲಹಾಬಾದಿನದು. 1930ರ ಸುಮಾರಿನಲ್ಲಿ ಅವರ ದಳ ಆ ಊರಿನಲ್ಲಿತ್ತು. ಒಂದು ಸಂಜೆ ಪ್ರದರ್ಶನವೊಂದನ್ನು ನೋಡುತ್ತಿದ್ದಾಗ ಹಿರಿಯರೊಬ್ಬರು ಬ್ರಿಟಿಷರ ಸಮವಸ್ತ್ರ ತೊಟ್ಟರೆ ಹೇಗನ್ನಿಸುತ್ತದೆ ಎಂದು ಕೇಳಿದರಂತೆ. ಸೆಕೆಯಾಗುತ್ತದೆ ಎಂದು ತಿಮ್ಮಯ್ಯನವರು ಉತ್ತರಿಸಿದರಂತೆ. ಕೇಳಿದವರು ಮೋತಿಲಾಲ್ ನೆಹರೂ. ನಗೆಯಿಂದ ಆರಂಭವಾದ ಪರಿಚಯ ಬೆಳೆಯಿತು. ಆ ದಿನಗಳಲ್ಲಿ ರಾಜೀನಾಮೆ ಕೊಟ್ಟು ಚಳವಳಿಗೆ ಇಳಿಯಬೇಕೆಂಬ ಯೋಚನೆ ಈ ತರುಣ ಅಧಿಕಾರಿಗಳನ್ನು ಕಾಡುತ್ತಿತ್ತು. ಅದನ್ನು ಅವರು ಮೋತಿಲಾಲರ ಮುಂದಿಟ್ಟರು. ಬಿಡಬೇಡಿ ಎಂಬುದು ಅವರ ಸಲಹೆಯ ಸಾರ: ಸ್ವಾತಂತ್ರ್ಯ ಬಂದೇ ಬರುತ್ತದೆ, ಬಂದ ದಿನ ದೇಶಕ್ಕೆ ಸೈನ್ಯ ನಡೆಸಬಲ್ಲವರು ಬೇಕಾಗುತ್ತಾರೆ, ಅದಕ್ಕಾಗಿ ಕಲಿಯಿರಿ.

ಈ ಸಲಹೆಯ ವೈಚಿತ್ರ್ಯವನ್ನು ಗಮನಿಸಬೇಕು. ಜೋಳದ ಪಾಳಿಯ ಲೆಕ್ಕವನ್ನೇ ಅದು ತಲೆಕೆಳಗು ಮಾಡಿತು. ಉಣ್ಣುತ್ತಿರುವ ಅನ್ನ ಒಬ್ಬರದು. ತೀರಿಸಬೇಕಾದ ಋಣ ಮತ್ತೊಬ್ಬರಿಗೆ — ಅದೂ ಇನ್ನೂ ಹುಟ್ಟದ ರಾಜ್ಯಕ್ಕೆ! ಕರ್ಣನು ಇದ್ದ ಒಡೆಯನಿಗಾಗಿ ಉಳಿದ. ತಿಮ್ಮಯ್ಯನವರು ಬರಲಿರುವ ಒಡೆಯನಿಗಾಗಿ, ಅಂದರೆ ಜನತೆಗಾಗಿ, ಉಳಿದರು. ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಎರಡನೆಯ ಮಹಾಯುದ್ಧದಲ್ಲಿ ಅವರು ಬರ್ಮಾದ ರಂಗದಲ್ಲಿ ಬ್ರಿಟಿಷ್ ಭಾರತೀಯ ಸೈನ್ಯದ ಪರವಾಗಿ ಹೋರಾಡುತ್ತಿದ್ದಾಗ ಅವರ ಅಣ್ಣ ಪೊನ್ನಪ್ಪನವರು ಸುಭಾಷರ ಆಜಾದ್ ಹಿಂದ್ ಫೌಜಿಗೆ ಸೇರಿದ್ದರು. ಒಂದೇ ಮನೆಯ ಇಬ್ಬರು, ಒಂದೇ ದೇಶಕ್ಕಾಗಿ, ಎದುರುಬದುರಾದ ಎರಡು ಸೈನ್ಯಗಳಲ್ಲಿ. ಸೀತಾರಾಮನ ಮನೆಯಲ್ಲಿ ತಂದೆಮಗನ ನಡುವೆ ನಿಂತ ಪ್ರಶ್ನೆ ಇಲ್ಲಿ ಅಣ್ಣತಮ್ಮಂದಿರ ನಡುವೆ ನಿಂತಿತು. ಯಾರ ದಾರಿ ಸರಿ ಎಂದು ನ್ಯಾಯ ಹೇಳಲು ಹೊರಡುವವನು ಮೊದಲು ಆ ಮನೆಯ ತಾಯಿಯ ಮುಖವನ್ನು ನೆನೆಯಬೇಕು.

ಗ್ರಂಥಕಾರರ ದೌರ್ಬಲ್ಯ ಇಲ್ಲಿ ಕಾಣುತ್ತದೆ. ಇವಾನ್ಸರಿಗೆ ನಾಯಕರ ಮೇಲೆ ಪ್ರೀತಿ ಹೆಚ್ಚು. ಹಾಸ್ಯಪ್ರಸಂಗಗಳನ್ನು ಹೇಳುವುದರಲ್ಲಿ ಅವರಿಗೆ ಉತ್ಸಾಹ. ಓದು ಸರಾಗವಾಗಿ ಸಾಗುತ್ತದೆ. ಆದರೆ ಎಲ್ಲಿ ನಿಂತು ಯೋಚಿಸಬೇಕೋ ಅಲ್ಲಿಯೂ ಸರಾಗವಾಗಿಯೇ ಸಾಗುತ್ತದೆ. ಇನ್ನೊಂದು ತೊಡಕು ಗ್ರಂಥಕಾರರ ಕೈಯಲ್ಲಿ ಇಲ್ಲದ್ದು. ಪುಸ್ತಕ ಹೊರಬಂದಾಗ ತಿಮ್ಮಯ್ಯನವರು ಇನ್ನೂ ಭೂಸೇನೆಯ ಮುಖ್ಯಸ್ಥರು. ಹುದ್ದೆಯಲ್ಲಿ ಇರುವವರ ಚರಿತ್ರೆ ಎಷ್ಟು ಬಿಚ್ಚಿ ಹೇಳಿದರೂ ಒಂದು ಗುಂಡಿ ಹಾಕಿಕೊಂಡೇ ಇರುತ್ತದೆ. 1948ರ ನವೆಂಬರಿನಲ್ಲಿ ಜೋಜಿಲಾ ಕಣಿವೆಯ ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸಿದ ಸಾಹಸವನ್ನು ಹೇಳುವುದು ಸುಲಭ, ಅದು ಕದನ. ಅಲಹಾಬಾದಿನ ಆ ಸಂಜೆಗಳ ಬಳಿಕ ದಳಕ್ಕೆ ಮರಳಿ, ಬೆಳಗ್ಗೆ ಎದ್ದು ಅದೇ ಸಮವಸ್ತ್ರ ತೊಡುವಾಗ ಮನಸ್ಸಿನಲ್ಲಿ ನಡೆದದ್ದನ್ನು ಹೇಳುವುದು ಕಷ್ಟ. ಜೋಜಿಲಾ ದಾಟಿದವರ ಧೈರ್ಯಕ್ಕೆ ಬೇರು ಇದ್ದದ್ದು ಅಲ್ಲಿಯೇ ಎಂಬುದು ನಮ್ಮ ಎಣಿಕೆ.

ಪ್ರಶ್ನೆ ಒಮ್ಮೆ ಬಗೆಹರಿದರೆ ಮುಗಿಯಿತೆನ್ನುವಂತಿಲ್ಲ ಎಂಬುದಕ್ಕೂ ಅವರ ಬಾಳೇ ಸಾಕ್ಷಿ. 1959ರ ಆಗಸ್ಟ್ 31ರಂದು, ರಕ್ಷಣಾ ಮಂತ್ರಿ ಕೃಷ್ಣ ಮೆನನ್ನರೊಡನೆ ಮೂಡಿದ ಭಿನ್ನಾಭಿಪ್ರಾಯದಿಂದ ತಿಮ್ಮಯ್ಯನವರು ರಾಜೀನಾಮೆ ಸಲ್ಲಿಸಿದರು. ಪ್ರಧಾನಿ ಜವಾಹರಲಾಲ್ ನೆಹರೂ ಒತ್ತಾಯಿಸಿದ ಮೇಲೆ ಹಿಂತೆಗೆದುಕೊಂಡರು. ತಂದೆ ಮೋತಿಲಾಲರು ತರುಣನಿಗೆ ಉಳಿಯಲು ಹೇಳಿದ್ದರು. ಮೂರು ದಶಕಗಳ ಬಳಿಕ ಮಗ ಜವಾಹರಲಾಲರು ಸೇನಾಪತಿಗೆ ಉಳಿಯಲು ಹೇಳಿದರು. ಹಿಂತೆಗೆದುಕೊಂಡದ್ದು ಸರಿಯೆ ತಪ್ಪೆ ಎಂದು ಇಂದಿಗೂ ಚರ್ಚೆ ನಡೆದಿದೆ. ಪ್ರಜಾಸತ್ತೆಯಲ್ಲಿ ಸೈನ್ಯ ಚುನಾಯಿತ ಸರ್ಕಾರಕ್ಕೆ ಅಧೀನವಾಗಿರಬೇಕೆಂಬ ತತ್ತ್ವ ಒಂದು ಕಡೆ. ತನ್ನ ತಿಳಿವಳಿಕೆಗೆ ಒಪ್ಪದ್ದನ್ನು ಹೊರಲಾರೆನೆಂಬ ಅಂತಃಸಾಕ್ಷಿ ಇನ್ನೊಂದು ಕಡೆ. 33 ವರ್ಷ ಸೇವೆ ಮಾಡಿ ತುತ್ತತುದಿಯನ್ನು ಮುಟ್ಟಿದವರನ್ನೂ ಆ ಬ್ಯಾರಕ್ಕಿನ ಮಂಚದ ಪ್ರಶ್ನೆ ಬಿಡಲಿಲ್ಲ. 1961ರಲ್ಲಿ ಅವರು ನಿವೃತ್ತರಾದರು. 1964ರಲ್ಲಿ ಸಂಯುಕ್ತ ರಾಷ್ಟ್ರಸಂಸ್ಥೆಯ ಶಾಂತಿಪಡೆಯ ನಾಯಕರಾಗಿ ಸೈಪ್ರಸ್ಸಿಗೆ ಹೋದರು. 1965ರ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡರು. ಕಾಲಿಂಗ್‌ವುಡ್ಡನಂತೆ ಮನೆಯಿಂದ ದೂರ, ಕರ್ತವ್ಯದ ಮೇಲೆ.

*

ಮೂರು ಗ್ರಂಥಗಳನ್ನು ಒಟ್ಟಿಗೆ ಇಟ್ಟು ತೂಗಿದರೆ ಕಲೆಯ ದೃಷ್ಟಿಯಿಂದ ವಿನ್ಯಿಯದೇ ಮೇಲು. ಅನುಭವದ ಭಾರದಿಂದ ಸೀತಾರಾಮನದು ಮರೆಯಲಾರದ್ದು. ನಿರ್ಧಾರದ ದೊಡ್ಡತನದಿಂದ ತಿಮ್ಮಯ್ಯನವರ ಬಾಳು ಎತ್ತರದ್ದು, ಆದರೆ ಅದಕ್ಕೆ ತಕ್ಕ ಗ್ರಂಥ ಇನ್ನೂ ಬರಬೇಕು. ಬಿಟ್ಟವನೊಬ್ಬ, ಕೇಳಿಕೊಳ್ಳದೆ ಉಳಿದವನೊಬ್ಬ, ಕೇಳಿಕೊಂಡು ಉಳಿದವರೊಬ್ಬರು. ಸೈನ್ಯಕ್ಕೆ ಹೆಚ್ಚು ಉಪಯೋಗವಾದದ್ದು ಯಾರಿಂದ ಎಂದು ಕೇಳಿದರೆ, ಕೇಳಿಕೊಳ್ಳದೆ ಉಳಿದವನಿಂದ ಎಂದು ಕವಾಯತಿನ ಮೇಷ್ಟ್ರು ಹೇಳಿಯಾನು. ನಾವು ಒಪ್ಪಲಾರೆವು. ಕೇಳಿಕೊಳ್ಳದ ವಿಧೇಯತೆಯಿಂದ ಒಂದು ತುಕಡಿ ನಡೆದೀತು. ಒಂದು ದೇಶ ನಡೆಯಲಾರದು.

ಈಗ ನಾಲ್ಕು ವರ್ಷದ ಸೈನಿಕನ ಮಾತಿಗೆ ಬರೋಣ. ವಿನ್ಯಿಗೆ ಯೋಚಿಸಿ ಬಿಡಲು 13 ವರ್ಷ ಸಿಕ್ಕಿತು. ಇವನಿಗೆ ಆ ಪ್ರಶ್ನೆ ಪರಿಪಕ್ವವಾಗುವ ಹೊತ್ತಿಗೆ ಉತ್ತರವನ್ನು ಬೇರೆಯವರೇ ಕೊಟ್ಟಿರುತ್ತಾರೆ. ಉಳಿಯಬೇಕೆಂದು ಮನಸಾರೆ ನಿಶ್ಚಯಿಸಿದವನೂ ಪಟ್ಟಿಯಲ್ಲಿ ಹೆಸರಿಲ್ಲದೆ ಹೊರಬರಬಹುದು. ನಿಶ್ಚಯಿಸುವ ಹಕ್ಕಿನಲ್ಲಿಯೇ ಹಿರಿಮೆಯಿದೆ ಎಂದು ಒಪ್ಪಿದರೆ, ಆ ಹಕ್ಕಿನ ಬಹುಪಾಲು ಅವನ ಕೈಬಿಟ್ಟಿದೆಯೆಂದೂ ಒಪ್ಪಬೇಕು. ಯೋಜನೆಯನ್ನು ಸಮರ್ಥಿಸುವವರಿಗೂ ಒಂದು ವಾದವುಂಟು: ಸೀತಾರಾಮನಂತೆ ಮುಪ್ಪಿನವರೆಗೆ ಸಾಲಿನಲ್ಲಿ ತೆವಳುವುದಕ್ಕಿಂತ, ಎಳೆಯ ವಯಸ್ಸಿನಲ್ಲಿಯೇ ಹೊರಬಂದು ಬೇರೆ ಬಾಳು ಕಟ್ಟುವುದು ಲೇಸಲ್ಲವೆ? ಲೇಸಾಗಬಹುದು — ಬೇರೆ ಬಾಳು ಕಟ್ಟಲು ಹೊರಗೆ ಜಾಗವಿದ್ದರೆ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗನೊಬ್ಬ ಪೆಟ್ಟಿಗೆ ಹೊತ್ತು ಊರಿನ ಬಸ್ ನಿಲ್ದಾಣದಲ್ಲಿ ಇಳಿದಾಗ, ಇವನು ಉಳಿಯಲು ತಕ್ಕವನಲ್ಲವೆಂದು ನೆರೆಹೊರೆ ಪಿಸುಗುಟ್ಟಿದರೆ, ಸೀತಾರಾಮನಿಂದ ಪ್ರಾಯಶ್ಚಿತ್ತ ಕೇಳಿದ ಊರಿಗೂ ನಮ್ಮ ಊರಿಗೂ ಭೇದವೇನು?

ಜೋಳದ ಪಾಳಿ ಎರಡು ಕಡೆಯ ಕಟ್ಟಳೆ ಎಂಬುದನ್ನು ನಾವು ಮರೆತಿದ್ದೇವೆ. ವೀರನು ಬಿದ್ದರೆ ಅವನ ಮನೆಯವರಿಗೆ ಅರಸನು ಭೂಮಿಯನ್ನು ಉಂಬಳಿಯಾಗಿ ಬಿಡುತ್ತಿದ್ದ. ಊರವರು ಕಲ್ಲು ನಿಲ್ಲಿಸಿ ಪೂಜಿಸುತ್ತಿದ್ದರು. ಉಂಡವನಿಗೆ ಋಣವಿದ್ದಂತೆ ಉಣಿಸಿದವನಿಗೂ ಹೊಣೆಯಿತ್ತು. ಸೇವೆಗೆ ಅವಧಿ ಇಡುವುದು ತಪ್ಪಲ್ಲ. ಕುವರ ಲಕ್ಷ್ಮನ ಕಾಲ ಮರಳಿ ಬರಬೇಕೆಂದು ಯಾರೂ ಬಯಸುವುದಿಲ್ಲ. ಸೈನಿಕನ ಪಾಳಿಗೆ ಅವಧಿ ಇಟ್ಟವರು ತಮ್ಮ ಹೊಣೆಗೂ ಅಷ್ಟೇ ಅವಧಿ ಇಟ್ಟುಕೊಳ್ಳಬಾರದು, ಅಷ್ಟೆ.

ಸೇರಲು ಹೊರಟ ತರುಣನಿಗೆ ಸಾಹಿತ್ಯ ಸೇರು ಎಂದೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಸಂಬಳ ಪಿಂಚಣಿಗಳ ಲೆಕ್ಕವನ್ನು ತಂದೆ ಹಾಕಲಿ. ಅದು ಅವರ ಧರ್ಮ. ತಾನು ಒಪ್ಪಿಸುತ್ತಿರುವ ವಿಧೇಯತೆ ಯಾರಿಗೆ ಸಲ್ಲುತ್ತದೆ, ಎಷ್ಟನ್ನು ಒಪ್ಪಿಸಬೇಕು, ಎಷ್ಟನ್ನು ತನ್ನಲ್ಲಿಯೇ ಇಟ್ಟುಕೊಳ್ಳಬೇಕು ಎಂಬ ಲೆಕ್ಕವನ್ನು ಮಗನೇ ಹಾಕಬೇಕು. ಅದೂ ಒಮ್ಮೆಯಲ್ಲ, ಸಮವಸ್ತ್ರ ಮೈಮೇಲಿರುವವರೆಗೆ. ನಮ್ಮ ನಾಡಿನ ಇಂಥ ಹುಡುಗನೊಬ್ಬ, ಉಳಿದವನೋ ಹೊರಬಂದವನೋ, ತನ್ನ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಕನ್ನಡದಲ್ಲಿ ಬರೆದರೆ, ವೀರಗಲ್ಲಿನಲ್ಲಿ ಇಲ್ಲದ ನಾಲ್ಕನೆಯ ಅಂತಸ್ತನ್ನು ಕೆತ್ತಿದವನು ಅವನೇ ಆಗುತ್ತಾನೆ.